ಮೇಕ್ ಇನ್ ಇಂಡಿಯಾದಲ್ಲಿ ಗೇರುಬೀಜದ ಘಟಕಕ್ಕೆ ಸಹಾಯಧನ ಸಿಗುತ್ತದೆಯೇ?

ಮೂಡುಬಿದಿರೆ ಹತ್ತಿರ ಸ್ವಂತ ಜಾಗದಲ್ಲಿ ದಿನಕ್ಕೆ 200 ಕಿಲೋ ಗೇರುಬೀಜ ಸಂಸ್ಕರಿಸುವ ಘಟಕ ಹಾಕಲು ‘ಮೇಕ್ ಇನ್ ಇಂಡಿಯಾ’ ಅರ್ಜಿ ಎಲ್ಲಿ ಕೊಡಬೇಕು ಎಂದು ಕೇಳಿದ್ದೀರಿ. ಆ ಹೆಸರಿನಲ್ಲಿ ಅರ್ಜಿಯೇ ಇಲ್ಲ. 2014ರ ಸೆಪ್ಟೆಂಬರ್ 25ರಂದು ಶುರುವಾದ ಆ ಕಾರ್ಯಕ್ರಮ ಬಂಡವಾಳ ಸೆಳೆಯುವುದಕ್ಕೆ, ನಿಯಮ ಸರಳ ಮಾಡುವುದಕ್ಕೆ. ಅದರ ಜೊತೆ ಹೆಸರು ಕೇಳಿಬರುವ ಪಿಎಲ್‌ಐ (ಉತ್ಪಾದನೆಗೆ ತಕ್ಕಂತೆ ಕೊಡುವ ಪ್ರೋತ್ಸಾಹಧನ) 14 ವಲಯಗಳದ್ದು, ಹೆಚ್ಚುಪಾಲು ದೊಡ್ಡ ಕಂಪನಿಗಳಿಗೆ.

ನಿಮಗೆ ಹೊಂದುವುದು ಎರಡು. ಪಿಎಂಎಫ್‌ಎಂಇಯಲ್ಲಿ (ಕಿರು ಆಹಾರ ಸಂಸ್ಕರಣಾ ಘಟಕಗಳ ಯೋಜನೆ) ಕೇಂದ್ರದ ಲೆಕ್ಕ ಯೋಜನಾ ವೆಚ್ಚದ 35%, ಗರಿಷ್ಠ 10 ಲಕ್ಷ; ಕರ್ನಾಟಕ 15% ಸೇರಿಸುವುದರಿಂದ ಒಟ್ಟು 50%, ಗರಿಷ್ಠ 15 ಲಕ್ಷ. ಪಿಎಂಇಜಿಪಿಯಲ್ಲಿ (ಸ್ವಂತ ಉದ್ಯೋಗಕ್ಕೆ ಸಾಲದ ಜೊತೆ ಸಹಾಯಧನ ಕೊಡುವ ಕೇಂದ್ರದ ಯೋಜನೆ) ಗ್ರಾಮೀಣ ಭಾಗದ ಸಾಮಾನ್ಯ ವರ್ಗಕ್ಕೆ 25%, ಮಹಿಳೆಯರು ಮತ್ತಿತರ ವಿಶೇಷ ವರ್ಗಕ್ಕೆ 35%. ಇದರಲ್ಲಿ ಯೋಜನಾ ವೆಚ್ಚ 50 ಲಕ್ಷದೊಳಗೆ, ಘಟಕ ಹೊಸದಾಗಿರಬೇಕು. ಒಂದೇ ಘಟಕಕ್ಕೆ ಎರಡನ್ನೂ ನೆಚ್ಚಿಕೊಳ್ಳಬೇಡಿ. ಎರಡರ ಅವಧಿಯೂ 2025–26ರವರೆಗೆ ಮಂಜೂರಾದದ್ದು, ಹಾಗಾಗಿ ಈಗ ಹೊಸ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ಮಂಗಳೂರಿನ ಯೆಯ್ಯಾಡಿಯ ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಮೊದಲು ವಿಚಾರಿಸಿ.

ಸಹಾಯಧನ ಕೈಗೆ ಬರುವ ನಗದಲ್ಲ. ಮೊದಲು ಬ್ಯಾಂಕ್ ಸಾಲ ಮಂಜೂರಾಗಬೇಕು. ಸಹಾಯಧನ ಬ್ಯಾಂಕಿನಲ್ಲೇ 3 ವರ್ಷ ಬೇರೆಯಾಗಿ ಕೂತು, ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಜಾಗದ ಬೆಲೆಯನ್ನು ವೆಚ್ಚದಲ್ಲಿ ತೋರಿಸುವಂತಿಲ್ಲ.

ಈ ಉದ್ಯಮ ಮುಗ್ಗರಿಸುವುದು ಯಂತ್ರದಲ್ಲಲ್ಲ, ಬೀಜದ ದುಡ್ಡಿನಲ್ಲಿ. ನಮ್ಮಲ್ಲಿ ಬೀಜ ಬರುವುದು ಸುಮಾರು ಮಾರ್ಚ್‌ನಿಂದ ಮೇವರೆಗೆ. ದಿನಕ್ಕೆ 200 ಕಿಲೋದಂತೆ 250 ದಿನಕ್ಕೆ 50 ಟನ್ ಬೇಕು. ಕಿಲೋಗೆ 110 ರೂಪಾಯಿ ಎಂದು ಹಿಡಿದರೂ 55 ಲಕ್ಷ, ಅದೂ ಮೂರೇ ತಿಂಗಳಲ್ಲಿ ಸುರಿಯಬೇಕು. ತಿರುಳು ಸಿಗುವುದು ಹತ್ತಿರಹತ್ತಿರ ನಾಲ್ಕಕ್ಕೆ ಒಂದು, ಅಂದರೆ 12 ಟನ್ ಚಿಲ್ಲರೆ. ಆದ್ದರಿಂದ ಯೋಜನಾ ವರದಿಯಲ್ಲಿ ದುಡಿಯುವ ಬಂಡವಾಳವನ್ನು ತಿಂಗಳವಾರು ಬರೆಸಿ. ವರ್ಷವಿಡೀ ಒಂದೇ ಸಮನೆ ಖರೀದಿ ಎಂದು ತೋರಿಸಿದ ಸಿದ್ಧ ವರದಿಯಂತೆ ಸಾಲದ ಮಿತಿ ಮಂಜೂರಾದರೆ ಏಪ್ರಿಲ್‌ನಲ್ಲಿ ಕೈ ಖಾಲಿ. ಆಮೇಲೆ ಮಂಗಳೂರು ಬಂದರಿಗೆ ಬರುವ ಆಫ್ರಿಕಾದ ಬೀಜವನ್ನು ವ್ಯಾಪಾರಿ ಹೇಳಿದ ದರಕ್ಕೆ ಕೊಳ್ಳಬೇಕಾಗುತ್ತದೆ.

ಖರೀದಿಸಿದ ಬೀಜವನ್ನು ತೇವ 8% ಆಸುಪಾಸಿಗೆ ಇಳಿಯುವವರೆಗೆ ಬಿಸಿಲಲ್ಲಿ ಒಣಗಿಸಿಯೇ ಗೋಣಿ ತುಂಬಿ, ನೆಲಕ್ಕೆ ತಾಗದಂತೆ ಹಲಗೆ ಮೇಲಿಡಿ. ಕರಾವಳಿಯ ಮಳೆಗಾಲದಲ್ಲಿ ಇಷ್ಟು ಮಾಡದಿದ್ದರೆ ತಿರುಳಿಗೆ ಬೂಷ್ಟು ಖಂಡಿತ. ಆವಿಯಲ್ಲಿ ಬೇಯಿಸಿದ ಬೀಜ ಪೂರ್ತಿ ತಣಿಯದೆ ಒಡೆದರೆ ತುಂಡೇ ಹೆಚ್ಚು. ಇಡೀ ಬಿಳಿ ತಿರುಳಿಗೂ ತುಂಡಿಗೂ ಇರುವ ಬೆಲೆಯ ಅಂತರದಲ್ಲೇ ನಿಮ್ಮ ಲಾಭ ಹೋಗುತ್ತದೆ. ಬೋರ್ಮಾದಿಂದ (ತಿರುಳು ಒಣಗಿಸುವ ಬಿಸಿಗೂಡು) ತೆಗೆದು ಸಿಪ್ಪೆ ಸುಲಿದ ತಿರುಳನ್ನು ತೇವ 5% ಮೀರದಂತೆ ನೋಡಿ ಪ್ಯಾಕ್ ಮಾಡಿ.

ಕಾಗದಪತ್ರದಲ್ಲಿ ತಡವಾಗುವುದು ಭೂಪರಿವರ್ತನೆ. ನಿಮ್ಮದು ಕೃಷಿ ಜಾಗವಾದರೆ ಪರಿವರ್ತನೆ ಬೇಕೇ ಎಂದು ವಿಚಾರಿಸಿ, ಬೇಕಿದ್ದರೆ ಕಟ್ಟಡಕ್ಕೆ ಕಲ್ಲು ತರಿಸುವ ಮೊದಲೇ ಅರ್ಜಿ ಹಾಕಿ. ಪಂಚಾಯತ್ ಪರವಾನಗಿ, ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ, ಮೆಸ್ಕಾಂನ ತ್ರೀಫೇಸ್ ಸಂಪರ್ಕ, ಆಹಾರ ಪರವಾನಗಿ ಜೊತೆಜೊತೆಗೇ ನಡೆಯಲಿ. ಉದ್ಯಮ್ ನೋಂದಣಿ ಸಂಪೂರ್ಣ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ಅದಕ್ಕೆ ಶುಲ್ಕ ಕೇಳುವ ಜಾಲತಾಣ ಸರಕಾರದ್ದಲ್ಲ, ದಯವಿಟ್ಟು ಒಂದು ರೂಪಾಯಿಯನ್ನೂ ಕಟ್ಟಬೇಡಿ.