ಓದುಗರ ಪ್ರಶ್ನೆ: ಮೆಲ್ಬರ್ನ್‌ನಲ್ಲಿ ಕಮ್ಯುನಿಟಿ ಸರ್ವೀಸಸ್ ಓದಲೇ, ಅಕ್ಕಾ?

ಪ್ರಶ್ನೆ: ಅಕ್ಕಾ, ನಾನು ದಾವಣಗೆರೆಯವಳು. ಬಿ.ಕಾಂ. ಮುಗಿಸಿ ಊರಿನ ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದೆ. ಈಗ ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿದ್ದೇವೆ. ಪಿ.ಆರ್. (ಕಾಯಂ ವಾಸದ ಅನುಮತಿ) ಇದೆ, ಮಕ್ಕಳಿಬ್ಬರೂ ಸ್ಕೂಲಿಗೆ ಹೋಗುತ್ತಾರೆ. ಡಿಪ್ಲೊಮಾ ಆಫ್ ಕಮ್ಯುನಿಟಿ ಸರ್ವೀಸಸ್ ಮಾಡಬೇಕು ಅಂತ ಆಸೆ. ನಮ್ಮ ಅತ್ತೆಯವರು, ‘ಸಮಾಜಸೇವೆಗೆ ಯಾರು ಸಂಬಳ ಕೊಡ್ತಾರೆ?’ ಅನ್ನುತ್ತಾರೆ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೆ. ಒಂದು ಖಾಸಗಿ ಕಾಲೇಜಿನವರು ಫೋನ್ ಮಾಡಿ, ‘ಎಲ್ಲಾ ಆನ್‌ಲೈನ್, ಆರೇ ತಿಂಗಳು, ಪ್ಲೇಸ್‌ಮೆಂಟ್ ನೀವೇ ನೋಡ್ಕೊಳ್ಳಿ’ ಅಂದರು. ಸೇರಿಬಿಡಲಾ?
– ಹೆಸರು ಬೇಡ, ಟಾರ್ನೀಟ್

ಉತ್ತರ: ಓದಿಗೆ ಖಂಡಿತ ಸೇರಿ. ಆ ಕಾಲೇಜಿಗೆ ಮಾತ್ರ ಬೇಡ.

ಯಾಕೆ ಅಂತ ಹೇಳುತ್ತೇನೆ. ಆಸ್ಟ್ರೇಲಿಯಾದಲ್ಲಿ ಈ ಡಿಪ್ಲೊಮಾಗೆ ದೇಶಕ್ಕೆಲ್ಲ ಒಂದೇ ಪಠ್ಯಕ್ರಮ, ಒಂದೇ ಕೋಡ್: ಸಿಎಚ್‌ಸಿ52021. ಒಟ್ಟು 20 ಯೂನಿಟ್. ಅದರಲ್ಲಿ 12 ಕಡ್ಡಾಯ, 8 ಆಯ್ಕೆಯವು. ಜೊತೆಗೆ ಕನಿಷ್ಠ 200 ಗಂಟೆ ಒಂದು ಸಂಸ್ಥೆಯಲ್ಲಿ ನಿಜವಾದ ಕೆಲಸ ಮಾಡಬೇಕು. ಅದೇ ಪ್ಲೇಸ್‌ಮೆಂಟ್. ಪುಸ್ತಕದ ಭಾಗವನ್ನು ಯಾವ ಕಾಲೇಜಾದರೂ ಹೇಗೋ ಮುಗಿಸಿಕೊಡುತ್ತದೆ. ಆ 200 ಗಂಟೆ ಎಲ್ಲಿ, ಯಾರ ಕೈಕೆಳಗೆ ಕಳೆಯುತ್ತೀರಿ ಅನ್ನುವುದರ ಮೇಲೆ ನೀವು ಕೆಲಸ ಕಲಿತಿರೋ ಇಲ್ಲವೋ ಗೊತ್ತಾಗುತ್ತದೆ. ಪ್ಲೇಸ್‌ಮೆಂಟ್ ನೀವೇ ನೋಡ್ಕೊಳ್ಳಿ ಅನ್ನುವ ಕಾಲೇಜು ಮುಖ್ಯವಾದದ್ದನ್ನೇ ಕೈಬಿಟ್ಟಿದೆ. ಹೊಸದಾಗಿ ಬಂದವರಿಗೆ ಇಲ್ಲಿ ಯಾವ ಸಂಸ್ಥೆಯ ಪರಿಚಯ ಇರುತ್ತದೆ? ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಇಮೇಲ್ ಕಳಿಸಿ, ಕೊನೆಗೆ ಯಾವುದೋ ಅಂಗಡಿಯ ಹಿಂದೆ ಹಳೆ ಬಟ್ಟೆ ವಿಂಗಡಿಸುತ್ತಾ ಗಂಟೆ ತುಂಬಿಸುವುದನ್ನು ನೋಡಿದ್ದೇನೆ.

ನಾನು ಇಲ್ಲಿ ಕುಟುಂಬ ಸೇವೆಯ ವಿಭಾಗದಲ್ಲಿ ಕೇಸ್ ವರ್ಕರ್, ಅಂದರೆ ಕಷ್ಟದಲ್ಲಿರುವ ಕುಟುಂಬಗಳ ಜೊತೆ ಕೆಲಸ ಮಾಡುವವಳು. ಪ್ಲೇಸ್‌ಮೆಂಟ್‌ಗೆ ಬರುವ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವುದೂ ನನ್ನ ಕೆಲಸವೇ. ಅದಕ್ಕೇ ಈ ವಿಷಯ ಬಂದರೆ ಜಾಸ್ತಿ ಮಾತಾಡುತ್ತೇನೆ. ಕಾಲೇಜಿಗೆ ಹೋದಾಗ ನೇರವಾಗಿ ಕೇಳಿ. ಪ್ಲೇಸ್‌ಮೆಂಟ್ ಹುಡುಕಿಕೊಡುವವರು ಯಾರು? ಹಿಂದಿನ ವರ್ಷದವರು ಎಲ್ಲೆಲ್ಲಿ ಹೋಗಿದ್ದರು? ನಡುವೆ ನಿಮ್ಮ ಅಧ್ಯಾಪಕರು ಬಂದು ನೋಡುತ್ತಾರಾ? ಉತ್ತರ ತಡವರಿಸಿದರೆ ಎದ್ದು ಬನ್ನಿ. ಕಾಲೇಜಿಗೆ ಈ ಕೋರ್ಸ್ ನಡೆಸುವ ಅನುಮತಿ ಇದೆಯೇ ಅನ್ನುವುದು ಸರ್ಕಾರದ ರಾಷ್ಟ್ರೀಯ ಪಟ್ಟಿಯಲ್ಲಿ ಕೋಡ್ ಹಾಕಿದರೆ ಕಾಣುತ್ತದೆ.

ನಿಮಗೆ ಪಿ.ಆರ್. ಇರುವುದರಿಂದ ಮೊದಲು ಹತ್ತಿರದ ಟೇಫ್‌ಗೆ (ಸರ್ಕಾರಿ ವೃತ್ತಿಶಿಕ್ಷಣ ಕಾಲೇಜು) ಹೋಗಿ. ವಿಕ್ಟೋರಿಯಾದಲ್ಲಿ 2019ರಿಂದ ಫ್ರೀ ಟೇಫ್ ಇದೆ, ಈ ಡಿಪ್ಲೊಮಾ ಆ ಪಟ್ಟಿಯಲ್ಲಿದೆ. ಬೋಧನಾ ಶುಲ್ಕ ಇಲ್ಲ. ಊರಿನ ಬಿ.ಕಾಂ. ಈಗ ಅಡ್ಡಿ ಬರುವುದಿಲ್ಲ. ಪೊಲೀಸ್ ಚೆಕ್, ಓಡಾಟ ಇಂಥ ಸಣ್ಣಪುಟ್ಟ ಖರ್ಚು ನಿಮ್ಮದು. ಪ್ಲೇಸ್‌ಮೆಂಟ್ ಮುಂಚೆ ವರ್ಕಿಂಗ್ ವಿತ್ ಚಿಲ್ಡ್ರನ್ ಚೆಕ್ (ಮಕ್ಕಳ ಜೊತೆ ಕೆಲಸ ಮಾಡಲು ಬೇಕಾದ ಹಿನ್ನೆಲೆ ಪರಿಶೀಲನೆ) ಕೂಡ ಕೇಳುತ್ತಾರೆ. ಕಾರ್ ಲೈಸೆನ್ಸ್ ಇನ್ನೂ ಮಾಡಿಸಿಲ್ಲವಾದರೆ ಇವತ್ತೇ ಶುರು ಮಾಡಿ. ಮನೆಮನೆಗೆ ಹೋಗುವ ಕೆಲಸ ಇದು. ಲೈಸೆನ್ಸ್ ಇಲ್ಲದವರ ಅರ್ಜಿಯನ್ನು ಎಷ್ಟೋ ಕಡೆ ಪಕ್ಕಕ್ಕಿಡುತ್ತಾರೆ.

ಇನ್ನು ಇಂಗ್ಲಿಷ್. ಸೇರುವ ಮುಂಚೆ ಓದು, ಬರಹ, ಲೆಕ್ಕದ ಒಂದು ಸಣ್ಣ ಪರೀಕ್ಷೆ ಇರುತ್ತದೆ. ಸಹಕಾರಿ ಬ್ಯಾಂಕಿನಲ್ಲಿ ಲೆಡ್ಜರ್ ನೋಡಿದವರಿಗೆ ಅದು ಕಷ್ಟ ಆಗಲಾರದು. ಇಲ್ಲಿ ಅಂಕ, ರ‍್ಯಾಂಕ್ ಇಲ್ಲ. ಒಂದು ಯೂನಿಟ್‌ನಲ್ಲಿ ನೀವು ‘ಕಾಂಪಿಟೆಂಟ್’ ಅಥವಾ ‘ನಾಟ್ ಯೆಟ್ ಕಾಂಪಿಟೆಂಟ್’, ಅಷ್ಟೆ. ಮೊದಲ ಸಲ ಅಸೈನ್‌ಮೆಂಟ್ ವಾಪಸ್ ಬಂದರೆ ತಿದ್ದಿ ಮತ್ತೆ ಕೊಡಬಹುದು. ಫಸ್ಟ್ ಕ್ಲಾಸ್ ಅಂತ ಬೆಳೆದ ನಮಗೆ ವಾಪಸ್ ಬಂದರೆ ನಾಚಿಕೆ ಆಗುತ್ತದೆ ಅಲ್ವಾ? ಆಗಬೇಕಾಗಿಲ್ಲ.

ಈ ಕೆಲಸದಲ್ಲಿ ಬೇಕಾದ ಇಂಗ್ಲಿಷ್ ಅಲಂಕಾರದ್ದಲ್ಲ. ಕೇಸ್ ನೋಟ್, ಅಂದರೆ ನಮ್ಮ ಹತ್ತಿರ ಬಂದವರ ಬಗ್ಗೆ ದಾಖಲೆ, ಬರೆಯಬೇಕು. ಕಂಡದ್ದು, ಕೇಳಿದ್ದು ಮಾತ್ರ ಬರೆಯಬೇಕು. ‘ಆಕೆ ತುಂಬಾ ಸಿಟ್ಟಿನ ಹೆಂಗಸು’ ಅಂತ ಬರೆದರೆ ನಾನು ಹೊಡೆದುಹಾಕುತ್ತೇನೆ. ‘ಗಂಡನ ಹೆಸರು ಬಂದಾಗ ಆಕೆ ಎದ್ದು ನಿಂತರು, ಇನ್ನು ಮಾತಾಡಲ್ಲ ಅಂದರು’ ಅಂತ ಬರೆದರೆ ಸರಿ. ಆ ನೋಟ್ ನಾಳೆ ಕೋರ್ಟಿಗೆ ಹೋಗಬಹುದು. ಆ ಹೆಂಗಸೇ ಕೇಳಿ ತರಿಸಿಕೊಂಡು ಓದಲೂಬಹುದು.

ನಿಜವಾದ ಕಷ್ಟ ಬೇರೆ ಇದೆ. ನಮ್ಮ ಕಡೆಯಿಂದ ಬರುವ ವಿದ್ಯಾರ್ಥಿಗಳ ಮನಸ್ಸು ಮೆತ್ತಗೆ. ಎದುರಿಗೆ ಯಾರಾದರೂ ಅತ್ತರೆ ತಕ್ಷಣ ಬುದ್ಧಿಮಾತು ಹೇಳಿಬಿಡುತ್ತಾರೆ. ನನ್ನ ಸಂಬಳದ ಕಾರ್ಡನ್ನು ಗಂಡ ಇಟ್ಟುಕೊಂಡಿದ್ದಾನೆ, ಬಸ್ಸಿಗೂ ಕೇಳಿ ತಗೋಬೇಕು ಅಂತ ಒಬ್ಬಾಕೆ ಹೇಳುತ್ತಿದ್ದಾಗ, ಪಕ್ಕದಲ್ಲಿ ಕೂತಿದ್ದ ವಿದ್ಯಾರ್ಥಿನಿ ‘ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ, ಮಕ್ಕಳಿದ್ದಾರಲ್ಲ’ ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆದರೆ ವಿಕ್ಟೋರಿಯಾದ 2008ರ ಕೌಟುಂಬಿಕ ಹಿಂಸೆ ಕಾನೂನಿನಲ್ಲಿ ಹಣದ ಮೇಲೆ ಹಿಡಿತ ಇಟ್ಟು ಹಿಂಸಿಸುವುದೂ ಹಿಂಸೆಯೇ. 2019ರಿಂದ ವರದಕ್ಷಿಣೆಗಾಗಿ ಪೀಡಿಸುವುದನ್ನೂ ಅದರಲ್ಲಿ ಹೆಸರಿಟ್ಟು ಸೇರಿಸಿದ್ದಾರೆ. ಅಡ್ಜಸ್ಟ್ ಮಾಡಿಕೊಳ್ಳಿ ಅನ್ನುವ ಮಾತನ್ನು ಆಕೆ ತವರಲ್ಲಿ, ಅತ್ತೆ ಮನೆಯಲ್ಲಿ, ನೆರೆಯವರಿಂದ ಕೇಳಿಯೇ ನಮ್ಮ ಬಾಗಿಲಿಗೆ ಬಂದಿರುತ್ತಾರೆ. ಇಲ್ಲೂ ಅದನ್ನೇ ಕೇಳಿದರೆ ಮತ್ತೆ ಬರುವುದಿಲ್ಲ. ಬಿಟ್ಟುಬಿಡಿ ಅಂತಲೂ ನಾವು ಹೇಳುವಂತಿಲ್ಲ. ಹಿಂಸೆಯ ಮನೆ ಬಿಡುವ ಹೊತ್ತೇ ಎಷ್ಟೋ ಸಲ ತುಂಬಾ ಅಪಾಯದ ಹೊತ್ತು. ಆಕೆಗೆ ಏನು ಬೇಕು ಅಂತ ಕೇಳಬೇಕು, ಯಾವ ದಾರಿಗಳಿವೆ ಅಂತ ಬಿಡಿಸಿ ಹೇಳಬೇಕು, ಅಪಾಯ ಎಷ್ಟಿದೆ ಅಂತ ಅಳೆಯಬೇಕು. ತೀರ್ಮಾನ ಆಕೆಯದು. ಹೀಗೆ ಬಾಯಿ ಬಿಗಿಹಿಡಿದು ಕೇಳುವುದನ್ನು ಕಲಿಯಲು ಆ 200 ಗಂಟೆ ಬೇಕು. ಆರು ತಿಂಗಳ ವಿಡಿಯೊ ನೋಡಿ ಬರುವುದಲ್ಲ.

ನಿಮ್ಮ ಕನ್ನಡ ಇಲ್ಲಿ ದೊಡ್ಡ ಆಸ್ತಿ. ‘ಅವರ ಕಡೆ ಜಾತಕ ನೋಡಿ ಹೇಳ್ತೀವಿ ಅಂದ್ರು’ ಅನ್ನುವ ಮಾತಿನ ಹಿಂದಿನ ಒತ್ತಡ ನಿಮಗೆ ವಿವರಿಸದೆಯೇ ಗೊತ್ತಾಗುತ್ತದೆ. ಆದರೆ ದುಭಾಷಿ ಕೆಲಸಕ್ಕೆ ನಿಮ್ಮನ್ನು ಕೂರಿಸಿದರೆ ಒಪ್ಪಬೇಡಿ. ಅದಕ್ಕೆ ಪ್ರಮಾಣಪತ್ರ ಪಡೆದವರಿದ್ದಾರೆ. 131 450ಕ್ಕೆ ಫೋನ್ ಮಾಡಿದರೆ ಸಿಗುತ್ತಾರೆ. ಇನ್ನೊಂದು ವಿಷಯ. ನಮ್ಮ ಜನ ಇಲ್ಲಿ ಕಡಿಮೆ. ಬೆಳಿಗ್ಗೆ ಆಫೀಸಿನಲ್ಲಿ ಕಣ್ಣೀರಿಟ್ಟವರು ಸಂಜೆ ಯುಗಾದಿ ಊಟದ ಸಾಲಿನಲ್ಲಿ ಎದುರಿಗೆ ಸಿಗಬಹುದು. ಅವರಾಗಿ ಮಾತಾಡಿಸದೆ ನೀವು ಗುರುತು ತೋರಿಸಬೇಡಿ. ಮನೆಯವರ ಹತ್ತಿರವೂ ಹೆಸರೆತ್ತಬೇಡಿ. ಪರಿಚಯದವರ ಫೈಲ್ ಬಂದರೆ ಮೇಲಿನವರಿಗೆ ಹೇಳಿ ಬೇರೆಯವರಿಗೆ ಕೊಡಿಸಿ.

ಅತ್ತೆಯವರಿಗೆ ಹೀಗೆ ಹೇಳಿ. ಈ ಕೆಲಸಕ್ಕೆ ಕಾನೂನು ಗೊತ್ತುಮಾಡಿದ ಸಂಬಳ ಇದೆ. ಅದನ್ನು ಶ್ಯಾಡ್ಸ್ ಅವಾರ್ಡ್ ಅನ್ನುತ್ತಾರೆ. ಅದಕ್ಕಾಗಿ ಇಲ್ಲಿನ ಹೆಂಗಸರು ಹೋರಾಡಿದ್ದಾರೆ. ಹೆಂಗಸರು ಮಾಡುವ ಆರೈಕೆಯ ಕೆಲಸ ಅನ್ನುವ ಕಾರಣಕ್ಕೇ ಕಡಿಮೆ ಕೊಡುತ್ತಿದ್ದಾರೆ ಅಂತ ಅವರ ಯೂನಿಯನ್ ವಾದಿಸಿತು. ಸಂಬಳದ ಮೇಲೆ ಲಿಂಗದ ನೆರಳು ಬಿದ್ದಿದೆ ಅಂತ ಸಂಬಳದ ವ್ಯಾಜ್ಯ ತೀರ್ಮಾನಿಸುವ ರಾಷ್ಟ್ರೀಯ ಮಂಡಳಿ ಫೇರ್ ವರ್ಕ್ ಆಸ್ಟ್ರೇಲಿಯಾ ಒಪ್ಪಿಕೊಂಡು, 2012ರಲ್ಲಿ ಹಂತಕ್ಕೆ ತಕ್ಕಂತೆ ಶೇ 23ರಿಂದ 45ರವರೆಗೆ ಏರಿಸಲು ಆದೇಶ ಮಾಡಿತು. ಅದು ಕಂತಿನಲ್ಲಿ ಬಂದು 2020ರ ಕೊನೆಗೆ ಪೂರ್ತಿಯಾಯಿತು. ಐ.ಟಿ.ಯವರಷ್ಟು ಸಂಬಳ ಬರುವುದಿಲ್ಲ, ಸುಳ್ಳು ಹೇಳುವುದಿಲ್ಲ. ಮನೆ ನಡೆಯುವಷ್ಟು ಬರುತ್ತದೆ. ಪ್ಲೇಸ್‌ಮೆಂಟ್‌ಗೆ ಮಾತ್ರ ಸಂಬಳ ಇಲ್ಲ. 2025ರ ಜುಲೈನಿಂದ ನರ್ಸಿಂಗ್, ಸೋಷಿಯಲ್ ವರ್ಕ್ ಡಿಗ್ರಿ ಓದುವವರಿಗೆ ಆ ಸಮಯದಲ್ಲಿ ಸರ್ಕಾರ ವಾರಕ್ಕಿಷ್ಟು ಹಣ ಕೊಡುತ್ತಿದೆ, ನಮ್ಮ ಡಿಪ್ಲೊಮಾದವರನ್ನು ಸೇರಿಸಿಲ್ಲ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಬಡ ವಿದ್ಯಾರ್ಥಿಗಳು ಜಾಸ್ತಿ ಬರುವುದು ಇದೇ ಓದಿಗೆ.

ಪ್ರಶ್ನೆ: ಮೇಡಂ, ನಾನು ಮೈಸೂರಿನಲ್ಲಿ ಬಿ.ಎಸ್.ಡಬ್ಲ್ಯು. (ಸಮಾಜಕಾರ್ಯ ಪದವಿ) ಮುಗಿಸಿದ್ದೇನೆ. ಆಸ್ಟ್ರೇಲಿಯಾಕ್ಕೆ ಹೋಗಿ ಇದೇ ಡಿಪ್ಲೊಮಾ ಮಾಡಿದರೆ ಪಿ.ಆರ್. ಗ್ಯಾರಂಟಿ ಅಂತ ಏಜೆಂಟ್ ಹೇಳುತ್ತಾರೆ. ಅಪ್ಪ ಜಮೀನಿನ ಮೇಲೆ ಸಾಲ ತೆಗೆಯಲು ತಯಾರಿದ್ದಾರೆ.
– ಮೈಸೂರು

ಉತ್ತರ: ದಯವಿಟ್ಟು ಅಪ್ಪನನ್ನು ಬ್ಯಾಂಕಿಗೆ ಕಳಿಸಬೇಡಿ. ಪಿ.ಆರ್. ಗ್ಯಾರಂಟಿ ಅನ್ನುವ ಅಧಿಕಾರ ಯಾವ ಏಜೆಂಟಿಗೂ ಇಲ್ಲ. ಸ್ಟೂಡೆಂಟ್ ವೀಸಾದವರಿಗೆ ಫ್ರೀ ಟೇಫ್ ಇಲ್ಲ, ಪೂರ್ತಿ ಫೀಸು ಕಟ್ಟಬೇಕು. ಕ್ಲಾಸ್ ನಡೆಯುವಾಗ ಎರಡು ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಯುವಂತಿಲ್ಲ. ಆ ದುಡಿಮೆಯಿಂದ ಸಾಲ ತೀರಿಸುತ್ತೇನೆ ಅನ್ನುವ ಲೆಕ್ಕ ಕೂಡಿಬರುವುದಿಲ್ಲ.

ನಿಮ್ಮ ಕೈಯಲ್ಲಿ ಡಿಗ್ರಿ ಇದೆ. ಅದಕ್ಕಿಂತ ಕೆಳಗಿನ ಹಂತದ ಓದಿಗೆ ಯಾಕೆ ಇಳಿಯುತ್ತೀರಿ? ಅಲ್ಲಿ ಡಿಪ್ಲೊಮಾ 5ನೇ ಹಂತ, ಡಿಗ್ರಿ 7ನೇ ಹಂತ. ಸೋಷಿಯಲ್ ವರ್ಕರ್ ಆಗಬೇಕಾದರೆ ಅಲ್ಲಿನ ಸೋಷಿಯಲ್ ವರ್ಕರ್‌ಗಳ ಸಂಘ, ಎ.ಎ.ಎಸ್.ಡಬ್ಲ್ಯು., ಮಾನ್ಯ ಮಾಡಿದ ಡಿಗ್ರಿ ಬೇಕು. ಅದರಲ್ಲಿ 1000 ಗಂಟೆಯ ಪ್ಲೇಸ್‌ಮೆಂಟ್ ಇರುತ್ತದೆ. ನನ್ನ ಸಲಹೆ: ಮೊದಲು ಊರಲ್ಲೇ ಎಂ.ಎಸ್.ಡಬ್ಲ್ಯು. ಮಾಡಿ, ಒಂದೆರಡು ವರ್ಷ ಆಸ್ಪತ್ರೆಯಲ್ಲೋ ಮಕ್ಕಳ ಕಲ್ಯಾಣ ಸಮಿತಿ ಜೊತೆಗೋ ಕೆಲಸ ಮಾಡಿ. ಆಮೇಲೂ ಹೋಗಬೇಕು ಅನಿಸಿದರೆ ಆಸ್ಟ್ರೇಲಿಯಾದಲ್ಲಿ ನೋಂದಣಿ ಇರುವ ಮೈಗ್ರೇಷನ್ ಏಜೆಂಟ್ ಹತ್ತಿರ ದುಡ್ಡು ಕೊಟ್ಟೇ ಸಲಹೆ ಕೇಳಿ. ಕಾಲೇಜಿನಿಂದ ಕಮಿಷನ್ ಪಡೆಯುವವರ ಮಾತಿಗಿಂತ ಅದು ಎಷ್ಟೋ ಮೇಲು.

ಪ್ರಶ್ನೆ: ನಾನು ಸಿಡ್ನಿಯಲ್ಲಿದ್ದೇನೆ, ವಯಸ್ಸು 57. ನಮ್ಮ ಸಂಘದಲ್ಲಿ ಹಿರಿಯರ ಕೂಟ ನಡೆಸುತ್ತಾ ಬಂದಿದ್ದೇನೆ. ಅದನ್ನು ಡಿಪ್ಲೊಮಾಗೆ ಲೆಕ್ಕ ಹಿಡಿಯುತ್ತಾರಾ?
– ಸಿಡ್ನಿ

ಉತ್ತರ: ಕೆಲವು ಯೂನಿಟ್‌ಗೆ ಹಿಡಿಯಬಹುದು, ಸರ್. ಹಿಂದೆ ಮಾಡಿದ ಕೆಲಸಕ್ಕೆ ಮಾನ್ಯತೆ ಕೊಡುವ ಕ್ರಮ ಇದೆ, ಆರ್‌ಪಿಎಲ್ ಅನ್ನುತ್ತಾರೆ. ಆದರೆ ಬಾಯಿಮಾತು ಸಾಲದು, ಕಾಗದ ಬೇಕು. ಸಭೆಯ ನಡಾವಳಿ, ಸ್ವಯಂಸೇವಕರ ಪಾಳಿಯ ಪಟ್ಟಿ, ನೀವು ಯಾರನ್ನು ಯಾವ ಸೇವೆಗೆ ಕಳಿಸಿಕೊಟ್ಟಿರಿ ಅನ್ನುವ ದಾಖಲೆ (ಹೆಸರು ಅಳಿಸಿ) ಎಲ್ಲ ಜೋಡಿಸಿ. ನಿಮಗೆ ಹಿರಿಯರ ದಿನನಿತ್ಯದ ಆರೈಕೆಯೇ ಇಷ್ಟವಾದರೆ ಡಿಪ್ಲೊಮಾ ಬೇಕಿಲ್ಲ. ಸರ್ಟಿಫಿಕೇಟ್ 3 ಇನ್ ಇಂಡಿವಿಜುವಲ್ ಸಪೋರ್ಟ್ ಸಾಕು, ಅದಕ್ಕೆ 120 ಗಂಟೆ ಪ್ಲೇಸ್‌ಮೆಂಟ್. ಎರಡರಲ್ಲಿ ಯಾವುದಾದರೂ ಸರಿ, ಸಂಘದ ಕಾರ್ಯದರ್ಶಿಯವರಿಂದ ಒಂದು ಪತ್ರ ಈಗಲೇ ಬರೆಸಿಕೊಳ್ಳಿ. ಎಂದಿನಿಂದ ಎಂದಿನವರೆಗೆ, ಏನೇನು ಮಾಡಿದಿರಿ ಅಂತ ಅದರಲ್ಲಿ ಸ್ಪಷ್ಟವಾಗಿರಲಿ. ಮುಂದಿನ ಚುನಾವಣೆಯಲ್ಲಿ ಪದಾಧಿಕಾರಿಗಳು ಬದಲಾದರೆ, ನಿಮ್ಮ ಕೆಲಸ ಕಣ್ಣಾರೆ ನೋಡಿದವರ ಸಹಿ ಸಿಗುವುದು ಕಷ್ಟ.