ಚೋಮ ಡಿಕ್ಲರೇಶನ್ ಕೊಡಬಹುದಿತ್ತೇ?

ಕಥೆ ಕಾದಂಬರಿಗಳಲ್ಲಿ ತನ್ನ ಸ್ಥಿತಿ ಮೀರಿ ಮೇಲೆ ಬರಲು ಹಂಬಲಿಸಿದವನು ಯಾಕೆ ಸೋಲುತ್ತಾನೆ, ಚರಿತ್ರೆಯಲ್ಲೂ ಹಾಗೆಯೇ ಆಗಿದೆಯೇ ಎಂದು ಕೇಳಿದ್ದೀರಿ. ಉಡುಪಿ ಕಡೆಯ ಒಕ್ಕಲು ಮನೆಯಲ್ಲಿ ಬೆಳೆದ ನನಗೆ ಮೊದಲು ನೆನಪಾಗುವವನು ಚೋಮ.

ಶಿವರಾಮ ಕಾರಂತರ ‘ಚೋಮನ ದುಡಿ’ ಬಂದದ್ದು 1933ರಲ್ಲಿ. ಚೋಮನ ಹತ್ತಿರ ಒಂದು ಜೋಡಿ ಎತ್ತು ಇದೆ, ಉಳಲು ಒಂದು ತುಂಡು ಗದ್ದೆ ಗೇಣಿಗೆ ಬೇಕು. ಅಷ್ಟೇ ಅವನ ಆಸೆ. ಧಣಿ ಸಂಕಪ್ಪಯ್ಯನ ಮನಸ್ಸು ತುಸು ಕರಗುತ್ತದೆ, ತಾಯಿ ಬಿಡುವುದಿಲ್ಲ. ಅಸ್ಪೃಶ್ಯನೊಬ್ಬ ಬೇಸಾಯಕ್ಕಿಳಿದರೆ ಊರಿನ ಕಟ್ಟಳೆಯ ಗತಿಯೇನು ಎಂಬ ಹೆದರಿಕೆ. ಇದನ್ನು ಅತಿಯಾಸೆಯ ಸೋಲು ಎನ್ನಲು ನನ್ನಿಂದಾಗದು.

ಅದೇ ಆಸೆ ನಮ್ಮ ಜಿಲ್ಲೆಯಲ್ಲೇ ಗೆದ್ದದ್ದೂ ಉಂಟು. ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಒಕ್ಕಲು ಏಳನೇ ನಮೂನೆಯಲ್ಲಿ ಅರ್ಜಿ ಕೊಟ್ಟರೆ ಭೂನ್ಯಾಯಮಂಡಳಿ ವಿಚಾರಿಸಿ ಹಕ್ಕು ಕೊಡುತ್ತಿತ್ತು. ‘ಡಿಕ್ಲರೇಶನ್ ಕೊಡುವುದು’ ಎಂದೇ ನಮ್ಮವರ ಮಾತು. ನನ್ನ ಅಜ್ಜ ಚಾಲಗೇಣಿಯವರು. ಧಣಿ ಬಿಡು ಎಂದಾಗ ಗದ್ದೆ ಬಿಡಬೇಕಾದವರು. ಡಿಕ್ಲರೇಶನ್ ಕೊಡುವ ಹಿಂದಿನ ರಾತ್ರಿ ಅವರು ಊಟ ಮಾಡಲಿಲ್ಲವಂತೆ, ಅಜ್ಜಿ ಹೇಳುತ್ತಿದ್ದರು. ಮಗಳ ಮದುವೆಗೆ ಅಕ್ಕಿಮುಡಿ ಕಳಿಸಿಕೊಟ್ಟ ಮನೆಯ ವಿರುದ್ಧ ಅರ್ಜಿ ಅದು. ಮಂಡಳಿಯ ಮುಂದೆ ಆಗ ವಕೀಲರಿಗೆ ಅವಕಾಶ ಇರಲಿಲ್ಲ. ಧಣಿಯ ಅಂಗಳದಲ್ಲಿ ಕೂತು ಮಾತಾಡಿ ಗೊತ್ತಿಲ್ಲದ ಅಜ್ಜ, ಅವರ ಎದುರಿಗೇ ನಿಂತು ‘ಈ ಗದ್ದೆ ಉಳುವುದು ನಾನು’ ಎನ್ನಬೇಕಾಯಿತು. ರಾಜಕೀಯ ಸಂಘರ್ಷ ಎಂದರೆ ನನ್ನ ಕಣ್ಣಿಗೆ ಕಟ್ಟುವುದು ಆ ಕೋಣೆ. ಗದ್ದೆ ನಮ್ಮದಾಯಿತು. ನಮ್ಮಪ್ಪ ಓದಿದ್ದು ಅದರ ಭತ್ತದಿಂದ.

ಆದರೆ ಚೋಮ ಅಲ್ಲಿಯವರೆಗೆ ಬದುಕಿದ್ದರೂ ಅವನಿಗೆ ಗದ್ದೆ ಸಿಗುತ್ತಿರಲಿಲ್ಲ. ಈ ಕಾನೂನು ಗದ್ದೆ ಕೊಟ್ಟದ್ದು ಗೇಣಿದಾರನಿಗೆ. ಚೋಮನಿಗೆ ಗೇಣಿಯನ್ನೇ ಯಾರೂ ಕೊಟ್ಟಿರಲಿಲ್ಲವಲ್ಲ! ಕೂಲಿಯವನಿಗೆ ಹೆಚ್ಚೆಂದರೆ ತಾನಿರುವ ಬಿಡಾರದ ಅಡಿಸ್ಥಳ.

ಅಜ್ಜನ ಗದ್ದೆಯಲ್ಲಿ ಕೋಣ ಕಟ್ಟಿ ಉಳುತ್ತಿದ್ದ ಹಿರಿಯರೊಬ್ಬರಿದ್ದರು. ಗದ್ದೆ ನಮ್ಮದಾಗಿ ಎಷ್ಟೋ ವರ್ಷದ ಮೇಲೂ ಅವರು ಅಂಗಳದ ತುದಿಯಲ್ಲೇ ನಿಂತು ಅಕ್ಕಿ ತೆಗೆದುಕೊಂಡು ಹೋಗುವುದನ್ನು ನಾನು ಚಿಕ್ಕಂದಿನಲ್ಲಿ ಕಂಡಿದ್ದೇನೆ. ಅಜ್ಜನ ಡಿಕ್ಲರೇಶನ್ನಿನ ಪ್ರತಿ ಈಗಲೂ ನಮ್ಮ ಮನೆಯಲ್ಲಿದೆ. ಅದರಲ್ಲಿ ಆ ಹಿರಿಯರ ಹೆಸರಿಲ್ಲ.