ಕೊನೆಯ ಆವರಣದೊಳಗಿನ 24

ಪ್ರಶ್ನೆ: ಮಗಳ ಹೆರಿಗೆಗೆ ಮುಂಚೆ ಕೂಸಿಗೊಂದು ಕ್ರೋಶಾ ಕುಲಾವಿ ಹೆಣೆಯಲು ಕುಳಿತಿದ್ದೇನೆ. ತೋರಣ, ಟೇಬಲ್ ಹೊದಿಕೆಗಳನ್ನು ಕಣ್ಣಿನಲ್ಲಿ ನೋಡಿ ಕಲಿತವಳು ನಾನು. ಬರೆದ ಮಾದರಿ ಹಿಡಿದದ್ದು ಇದೇ ಮೊದಲು. ನಾಲ್ಕನೆಯ ಸುತ್ತಿಗೆ ‘(2 ಎಸ್‌ಸಿ, ಐಎನ್‌ಸಿ) × 6 (24)’ ಎಂದಿದೆ. ಆರು ಸಲ ಮುಗಿಸಿ, ಅದರ ಮೇಲೆ 24 ಹೊಲಿಗೆ ಹಾಕಿದೆ. ಹಿಂದಿನ ಸುತ್ತುಗಳಲ್ಲೂ ಹಾಗೆಯೇ ಮಾಡಿದ್ದೆ. ತಟ್ಟೆಯಂತೆ ಹರಡಬೇಕಾದ ನೆತ್ತಿ ಬಟ್ಟಲಿನಂತೆ ಮುದುಡಿದೆ. ತಪ್ಪೆಲ್ಲಿ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಕೈಯಲ್ಲಿ ತಪ್ಪಿಲ್ಲ, ಮಾದರಿ ಬರೆಯುವ ಪದ್ಧತಿಯಲ್ಲೇ ತೊಡಕಿದೆ. ಒಂದೇ ಸಾಲಿನಲ್ಲಿ ಎರಡು ಆವರಣ, ಎರಡಕ್ಕೂ ಬೇರೆ ಬೇರೆ ಕೆಲಸ. ಮೊದಲನೆಯದು ನೀವು ಮಾಡಬೇಕಾದದ್ದು. ಕೊನೆಯ 24 ಮಾಡುವುದಕ್ಕಲ್ಲ, ಎಣಿಸುವುದಕ್ಕೆ: ಸುತ್ತು ಮುಗಿದಾಗ ಒಟ್ಟು ಅಷ್ಟು ಹೊಲಿಗೆ ಇರಬೇಕು.

ಲೆಕ್ಕ ಹಾಕಿ ನೋಡಿ. ಎರಡು ಎಸ್‌ಸಿ (ಸಿಂಗಲ್ ಕ್ರೋಶಾ), ಆಮೇಲೆ ಐಎನ್‌ಸಿ, ಅಂದರೆ ಹೆಚ್ಚಳ: ಒಂದೇ ಹೊಲಿಗೆಯೊಳಗೆ ಎರಡು. ಒಂದು ಸಲಕ್ಕೆ ನಾಲ್ಕು. ಆರು ಸಲಕ್ಕೆ 24. ಕೆಳಗಿನ ಸುತ್ತಿನಿಂದ ಇದಕ್ಕೆ ಬೇಕಾಗುವುದು ಒಂದು ಸಲಕ್ಕೆ ಮೂರೇ ಹೊಲಿಗೆ, ಒಟ್ಟು 18. ಮೂರನೆಯ ಸುತ್ತಿನ ಕೊನೆಯಲ್ಲಿ (18) ಎಂದೇ ಇರಬೇಕು, ನೋಡಿಕೊಳ್ಳಿ. 6, 12, 18, 24: ಸುತ್ತಿಗೆ ಆರು ಹೆಚ್ಚಿದರೆ ನೆತ್ತಿ ಸಮತಟ್ಟಾಗಿ ಹರಡುತ್ತದೆ. ನೀವು ಪ್ರತಿ ಸಲವೂ ನಡುವೆ ಹೆಚ್ಚಳವಿಲ್ಲದ ಒಂದು ಸುತ್ತು ಸೇರಿಸಿದ್ದೀರಿ. ಅಗಲವಾಗಬೇಕಾದದ್ದು ಎತ್ತರಕ್ಕೆ ಹೋಯಿತು.

ಎಣಿಸುವಾಗ ಅಂಚನ್ನು ಮೇಲಿನಿಂದ ನೋಡಿ. ಜಡೆಯ ಎಳೆಯಂತೆ ಒಂದರ ಹಿಂದೊಂದು ಕಾಣುವ ಬಾಣದ ತಲೆಗಳಲ್ಲಿ ಪ್ರತಿಯೊಂದೂ ಒಂದು ಹೊಲಿಗೆ. ಕಡ್ಡಿಯ ಮೇಲಿರುವ ಕುಣಿಕೆಯನ್ನು ಮಾತ್ರ ಎಣಿಸಬೇಡಿ. ಪ್ರತಿ ಸುತ್ತಿನ ಮೊದಲ ಹೊಲಿಗೆಗೆ ಬೇರೆ ಬಣ್ಣದ ದಾರದ ತುಂಡೊಂದನ್ನು ಸಿಕ್ಕಿಸಿಡಿ; ಸುತ್ತು ಎಲ್ಲಿ ತೊಡಗಿತು ಎಂದು ಹುಡುಕುವ ಕಷ್ಟವಿರುವುದಿಲ್ಲ. 23 ಬಂದರೆ ಎಲ್ಲೋ ಒಂದು ಐಎನ್‌ಸಿ ಬಿಟ್ಟಿರುವುದೇ ಹೆಚ್ಚು. ಅಲ್ಲೇ ಬಿಚ್ಚಿ ಸರಿಮಾಡಿ, ಮುಂದಿನ ಸುತ್ತಿನಲ್ಲಿ ತುಂಬಿಕೊಳ್ಳೋಣ ಎನ್ನಬೇಡಿ.

ಇನ್ನೊಂದು ಮಾತು, ಎಣಿಕೆಗೆ ಸಿಕ್ಕದ ತಪ್ಪಿನದು. ನಿಮ್ಮ ಮಾದರಿಯಲ್ಲಿ ಎಸ್‌ಸಿ ಎಂದಿರುವುದರಿಂದ ಅದು ಅಮೆರಿಕದ ಪದ್ಧತಿಯದು. ಅದೇ ಹೊಲಿಗೆಗೆ ಬ್ರಿಟಿಷರು ಡಿಸಿ (ಡಬಲ್ ಕ್ರೋಶಾ) ಎನ್ನುತ್ತಾರೆ. ಅಮೆರಿಕದ ಡಿಸಿಯೋ ಅದಕ್ಕಿಂತ ಎತ್ತರದ ಹೊಲಿಗೆ, ಬ್ರಿಟಿಷರಿಗೆ ಅದು ಟಿಆರ್ (ಟ್ರೆಬಲ್). ಇದು ತಿಳಿಯದೆ ನಾನು ನನ್ನ ತಂಗಿಯ ಮಗನಿಗೆ ಬ್ರಿಟಿಷ್ ಮಾದರಿಯೊಂದನ್ನು ಅಮೆರಿಕದ ಡಿಸಿಯಲ್ಲಿ ಹೆಣೆದಿದ್ದೆ. ಪ್ರತಿ ಸಾಲಿನ ಸಂಖ್ಯೆಯೂ ತಾಳೆಯಾಗುತ್ತಿತ್ತು. ಸ್ವೆಟರ್ ಮಾತ್ರ ಕೂಸಿನ ಮೊಣಕಾಲು ಮುಟ್ಟಿತು. ಅಂದಿನಿಂದ ಮಾದರಿಯ ತಲೆಯಲ್ಲಿರುವ ಸಂಕೇತಗಳ ಪಟ್ಟಿಯನ್ನು ಓದದೆ ನಾನು ಕಡ್ಡಿ ಹಿಡಿಯುವುದಿಲ್ಲ.

ನೀವೀಗ ನಡುವಿನ ಮೊದಲ ಆರು ಹೊಲಿಗೆಗಳನ್ನು ಉಳಿಸಿಕೊಂಡು ಮಿಕ್ಕದ್ದನ್ನು ಬಿಚ್ಚಿ. ಬಿಚ್ಚಿದ ನೂಲು ಸುರುಳಿಗಟ್ಟಿದ್ದರೆ ನೀರು ತಾಗಿಸಿ, ನೆರಳಿನಲ್ಲಿ ಒಣಗಿಸಿ, ಮತ್ತೆ ಉಂಡೆ ಸುತ್ತಿ. ಎರಡನೆಯ ಸುತ್ತು ಮುಗಿದಾಗ 12 ಇದೆಯೇ ಎಂದು ಎಣಿಸಿದ ಮೇಲೆಯೇ ಮೂರನೆಯದಕ್ಕೆ ಕೈ ಹಾಕಿ.